ಹಿತ್ತಲಿನ ಸಿಳ್ಳು

ಮಲ್ಲಟದ ಕುರುಬರ ಓಣಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿ ಇದ್ದವಳು ಜಂಬಮ್ಮ. ಹಕ್ಕಿಗಳೆಂದರೆ ಅವಳಿಗೆ ಹುಚ್ಚು. ಬೇಸಿಗೆಯಲ್ಲಿ ಒಡೆದ ಗಡಿಗೆಯಲ್ಲಿ ನೀರಿಡುವಳು, ಸುಗ್ಗಿಯಾದರೆ ಜೋಳದ ತೆನೆಯ ಗೊಂಚಲನ್ನು ಗುಬ್ಬಿಗಳಿಗೆಂದೇ ಸೂರಿಗೆ ಕಟ್ಟುವಳು. ಪಿಕಳಾರ ಬೇವಿನ ಹಣ್ಣಿಗೆ ಯಾವಾಗ ಬರುತ್ತದೆ, ಗುಬ್ಬಿ ಯಾವ ಹೊತ್ತಿಗೆ ಧೂಳಿನಲ್ಲಿ ಹೊರಳುತ್ತದೆ, ಎಲ್ಲ ಅವಳ ಬಾಯಲ್ಲೇ ಇತ್ತು. ಇಷ್ಟು ಮುತುವರ್ಜಿ ಗಂಡನ ಮೇಲೂ ಇದೆಯೇ ಎಂದು ನಾವು ಕಾಡಿಸುತ್ತಿದ್ದೆವು. ಇತ್ತು, ಬೇಕಾದಷ್ಟಿತ್ತು.

ಗಂಡ ಹನುಮಂತ್ರಾಯ ಮಳೆಗಾಲಕ್ಕೆ ತಮ್ಮ ಗದ್ದೆಪ್ಪನ ಜೊತೆ ಕುರಿ ಹೊಡೆದುಕೊಂಡು ದೇವದುರ್ಗದ ಕಡೆ ಹೋಗುತ್ತಿದ್ದ. ಹಿತ್ತಲಿನ ಒಂದು ಕುಂಟ ಗೊರವಂಕವೂ ಕುರಿಗಳ ಹಿಂದೆ ಹುಳು ಹೆಕ್ಕುತ್ತ ಹೋಗಿ, ಅವುಗಳೊಂದಿಗೇ ಮರಳುತ್ತಿತ್ತು. ಹನುಮಂತ್ರಾಯ ಕುರಿಗಳನ್ನು ನೀರಿಗೆ ಕರೆಯುವ ಸಿಳ್ಳು, ದೊಡ್ಡಿಗೆ ತಿರುಗಿಸುವ ಸಿಳ್ಳು, ಎರಡನ್ನೂ ಅದು ಥೇಟ್ ಅವನಂತೆಯೇ ಹಾಕುತ್ತಿತ್ತು. ತೋಳ ಬಿದ್ದಾಗ ಹಾಕುವ ತೋಳದ ಸಿಳ್ಳನ್ನು ಮಾತ್ರ ಕಲಿತಿರಲಿಲ್ಲ. ಅದನ್ನು ಯಾವ ಕುರುಬನೂ ಮನೆಯ ಹತ್ತಿರ ಹಾಕುವುದಿಲ್ಲ. ಹಾಕಿದರೆ ತೋಳ ಬಾಗಿಲಿಗೆ ಬರುತ್ತದೆಂಬ ಭಯ. ಅಡವಿಯಲ್ಲಿ ಅದು ಕಿವಿಗೆ ಬಿದ್ದರೆ, ಉಣ್ಣುತ್ತಿದ್ದವನೂ ಗಂಗಾಳ ಬಿಟ್ಟು ನೆರವಿಗೆ ಓಡಬೇಕು.

ಎಪ್ಪತ್ತೆಂಟರ ಮಳೆಗಾಲದಲ್ಲಿ ಕುರಿಗಳು ಬಂದವು, ಗೊರವಂಕ ಬಂತು, ಅಣ್ಣನಿಲ್ಲದೆ ಗದ್ದೆಪ್ಪ ಒಬ್ಬನೇ ಮರಳಿ ಬಂದ. "ಕುರಿಗೆ ನೀರು ಕುಡಸಾಕ ಇಳಿದಿದ್ದ, ಹೊಳಿ ಎಳಕೊಂಡು ಹೋತು" ಎಂದ. ಹೆಣ ಸಿಕ್ಕಿರಲಿಲ್ಲ. ಹೆಣ ಕಾಣದೆ ಬಳೆ ಒಡೆಯುವುದಿಲ್ಲವೆಂದು ಜಂಬಮ್ಮ ಹಟ ಹಿಡಿದಳು. ಹಿತ್ತಲಿನಲ್ಲಿ ಗೊರವಂಕದ ಬಾಯಲ್ಲಿ ದಿನವೂ ಗಂಡನ ಸಿಳ್ಳು ಕೇಳುತ್ತಿದ್ದರೆ ಯಾವ ಹೆಂಗಸು ತಾನೇ ಒಡೆದಾಳು? ಅವನ ಪಾಲಿನ ರೊಟ್ಟಿ ಬಡಿದು ಮುಚ್ಚಿಡುತ್ತಿದ್ದಳು.

ಚಳಿ ಇಳಿಯುವ ಹೊತ್ತಿಗೆ ಹಿತ್ತಲು ಬೇರೆಯಾಯಿತು. ಗುಬ್ಬಿಗಳು ತೆನೆ ಮುಟ್ಟಲಿಲ್ಲ. ಗೊರವಂಕ ಬೇವಿನ ಒಣ ಟೊಂಗೆಯ ಮೇಲೆ ಕುಳಿತು ಹೊಸದೇನನ್ನೋ ಶುರು ಮಾಡಿ ಅರ್ಧಕ್ಕೇ ನಿಲ್ಲಿಸುತ್ತಿತ್ತು. ಅದು ಬಾಯಿ ತೆರೆದರೆ ಸಾಕು, ಉಳಿದ ಹಕ್ಕಿಗಳೆಲ್ಲ ಗಪ್ಪಾಗುತ್ತಿದ್ದವು.

ಯುಗಾದಿಯ ಮುಂಚೆ ಒಂದು ಮಧ್ಯಾಹ್ನ, ಅಣ್ಣನ ದಿನಕರ್ಮ ಮಾಡಿ ಮುಗಿಸೋಣ ಎಂದು ಹೇಳಲು ಗದ್ದೆಪ್ಪ ಬಂದ. ಹಿತ್ತಲಿಗೆ ಕಾಲಿಟ್ಟನೋ ಇಲ್ಲವೋ, ಗೊರವಂಕ ಪೂರ್ತಿ ಸಿಳ್ಳು ಹಾಕಿತು. ಉದ್ದಕ್ಕೆ, ನಡುನಡುವೆ ಮುರಿದು, ಕೊನೆಯಲ್ಲಿ ಉಸಿರು ಸಾಲದ ಮನುಷ್ಯನ ಹಾಗೆ. ತೋಳದ ಸಿಳ್ಳು! ಓಣಿಯ ಗಂಡಸರೆಲ್ಲ ಕೋಲು ಹಿಡಿದು ಓಡಿ ಬಂದರು. ಗದ್ದೆಪ್ಪ ಮಾತ್ರ ಎರಡೂ ಕಿವಿ ಮುಚ್ಚಿಕೊಂಡು ಅಲ್ಲೇ ಕುಸಿದು ಕುಳಿತ.

"ಅವತ್ತು ತೋಳ ಬಂದಿತ್ತೇನೋ?" ಜಂಬಮ್ಮ ಕೇಳಿದಳು.

"ಬಂದಿತ್ತು ಅತ್ತಿಗಿ. ಅಣ್ಣ ಹೊಳಿ ದಂಡಿಗೆ ಬೆನ್ನಟ್ಟಿ ಹೋದ."

"ಅವನ ಸಿಳ್ಳು ನಿನಗ ಕೇಳಸ್ತೇನು?"

"ಕೇಳಸ್ತು. ಅಂಜಿ ಗಿಡ ಏರಿ ಕುಂತೆ. ಮತ್ತ ಕೇಳಸ್ತು. ಇಳೀಲಿಲ್ಲ. ಆಮ್ಯಾಲೆ ಸಿಳ್ಳು ನಿಂತೇ ಹೋತು."

ಜಂಬಮ್ಮ ಎರಡೂ ಕೈಗಳನ್ನು ಒಗೆಯುವ ಕಲ್ಲಿಗೆ ಬಡಿದಳು. ಬಳೆ ಚೂರುಗಳನ್ನು ಹಕ್ಕಿಗಳ ಕಾಲಿಗೆ ಚುಚ್ಚದಂತೆ ತಾನೇ ಗುಡಿಸಿದಳು.

ಗದ್ದೆಪ್ಪ ಕುರಿ ಮಾರಿ ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಸೇರಿದ. ವರ್ಷಗಳ ಮೇಲೆ ಅಲ್ಲಿ ಸಿಕ್ಕಾಗ, ಒಮ್ಮೆಯಾದರೂ ಊರಿಗೆ ಬಾರೋ ಎಂದೆ. ಅವನು ತಲೆಯ ಮೇಲಿನ ಮೂಟೆ ಇಳಿಸಲೂ ಇಲ್ಲ.

"ಊರೇನು, ಇದೇನು? ಗೊರವಂಕ ಇಲ್ಲದ ಜಾಗಾ ಎಲ್ಲಿ ಅದ ಹೇಳು, ಅಲ್ಲಿಗೆ ಹೋಗ್ತೀನಿ" ಎಂದ.