ಸೆರಗಿನ ಗಂಟಿನ ಭಂಡಾರ

ನಮ್ಮ ಕಡೆಯ ಲೋಕಸಭೆ ಮತದಾನ ಮೊದಲ ಹಂತದಲ್ಲೇ ಮುಗಿದಿತ್ತು. ಯಾದಗಿರಿ ಕಡೆಯವರು ಮತ ಹಾಕುವ ದಿನ ನಾನು ಬೋನಾಳದ ಕೆರೆಯ ಹಕ್ಕಿ ನೋಡಲು ಬೆಳಿಗ್ಗೆ ಏಳಕ್ಕೆ ಯಾದಗಿರಿಯಲ್ಲಿ ಸುರಪುರದ ಬಸ್ಸು ಹತ್ತಿದೆ. ಟಿಕೆಟ್ಟಿಗೆ ಎಪ್ಪತ್ತು ರೂಪಾಯಿ ಎಂದು ನೆನಪು; ಚೀಟಿ ಕಳೆದಿದೆ, ಖಾತ್ರಿಯಿಲ್ಲ.

ಭೀಮಾ ಸೇತುವೆ ದಾಟುವಷ್ಟರಲ್ಲೇ ಬಿಸಿಗಾಳಿ. ಪಕ್ಕದ ಸಾಲಿನಲ್ಲಿ ಬೋನಾಳದ ಮಾಳವ್ವ ಎಂಬ ಹೆಂಗಸು ಸೆರಗಿನ ಗಂಟನ್ನು ಹಿಡಿದೇ ಕೂತಿದ್ದಳು. ಕುರಿ ಸಾಕುವ ಮನೆಯವಳು. ನನ್ನ ಬಳಿ ಕೂತಿದ್ದ ಬಳೆ ವ್ಯಾಪಾರಿ ಖಾಸಿಂಸಾಬರು ಕೇಳಿದರು: "ಯಕ್ಕಾ, ಬಂಗಾರ ಕಟ್ಟೀಯೇನು?"

"ಮೈಲಾರಲಿಂಗನ ಭಂಡಾರ ರೀ ಸಾಬ್ರ, ಗುಡಿ ಅರಿಷಿಣ. ಓಟು ಕೇಳಾಕ ಬಂದವರು ಇದನ್ನ ಮುಟ್ಟಿಸಿ ಆಣಿ ತಗೊಂಡ್ರು. ಓಟು ಹಾಕೂ ತನಕ ಬಿಚ್ಚಬ್ಯಾಡ ಅಂದಾರ." ದನಿ ತಗ್ಗಿಸಿದಳು. "ನನ್ನ ಮನಸ್ಸು ಇನ್ನೊಬ್ಬನ ಕಡಿ ಅದ. ಮಗಳು ಯಾದಗಿರ್ಯಾಗ ಏಳು ತಿಂಗಳ ಬಸಿರಿ. ಆಣಿ ಮುರದು ಆಕಿಗೇನರ ಆದ್ರ?"

ಮತ ಗುಪ್ತವಾಗಿರುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದೆ.

"ಮೈಲಾರ ಮಲ್ಲಯ್ಯಗೂ ತಿಳಿಯಂಗಿಲ್ಲೇನ್ರಿ?" ಎಂದಳು.

"ನಮ್ಮಲ್ಲೂ ಮಸೂತಿ ಮುಂದ ಕೈ ಹಿಡದು ಮಾತು ತಗೊಂಡಾರ," ಎಂದರು ಸಾಬರು. "ದೇವರನ್ನ ಕೇಳದ ತಗೊಂಡ ಆಣಿ, ತಗೊಂಡವರ ಕೊರಳಿಗೇ ಸುತ್ತತದ, ನಿನಗಲ್ಲ."

"ನಿಮ್ಮ ದೇವರ ಕಾಯ್ದೆ ನಮ್ಮ ದೇವರು ಒಪ್ಪತಾನೇನು?"

"ಹೋಗಿ ಅವನ್ನೇ ಕೇಳು."

ಬಸ್ಸು ದೋರನಹಳ್ಳಿ, ಶಹಾಪುರ ದಾಟಿತು. ಸಾಬರು ಸುರಪುರದಲ್ಲಿ ಇಳಿದರು. ನಾವಿಬ್ಬರೂ ಬೋನಾಳದ ಟಂಟಂ ಆಟೋ ಹಿಡಿದೆವು.

ಊರ ಹೊರಗಿನ ಮೈಲಾರಲಿಂಗನ ಗುಡಿಯ ಮುಂದೆ ಇಳಿದವಳು ಗಂಟು ಬಿಚ್ಚಿ ಹಳದಿ ಪುಡಿಯನ್ನು ಹೊಸ್ತಿಲ ಮೇಲೆ ಸುರಿದಳು. "ಮಲ್ಲಯ್ಯ, ನಿಂದು ನಿನಗ. ನಿನ್ನ ಕೇಳಿ ತಗೊಂಡಿಲ್ಲ ಅವರು. ಸಿಟ್ಟಿದ್ರ ನನ್ನ ಮ್ಯಾಲ ಇರ್ಲಿ, ಹುಡುಗಿ ಮ್ಯಾಲ ಬ್ಯಾಡ." ಇವೇ ಮಾತುಗಳೋ, ಆಮೇಲೆ ನಾನು ತಿದ್ದಿದ್ದೋ ಹೇಳಲಾರೆ. ಹೊಸ್ತಿಲ ಹಳದಿಯನ್ನು ಮಾತ್ರ ನಾನೇ ಕಂಡಿದ್ದೇನೆ.

ಕೆರೆಯಲ್ಲಿ ನೀರು ಇಳಿದಿತ್ತು, ಹಕ್ಕಿ ಕಡಿಮೆ. ಮಧ್ಯಾಹ್ನ ಮರಳುವಾಗ ಮಾಳವ್ವ ಗುಡಿಯ ಕಟ್ಟೆಯ ಮೇಲಿದ್ದಳು. ಬೆರಳಿಗೆ ಶಾಯಿ, ಕಿವಿಗೆ ಮೊಬೈಲು.

"ಕೂಸು ಹೊಟ್ಟ್ಯಾಗ ಹೊಳ್ಳಾಡಾಕತ್ತದೇನವ್ವ?" ಎಂದು ಕೇಳುತ್ತಿದ್ದಳು. ಟಂಟಂ ಹೊರಟಿತು. ತಿರುಗಿ ನೋಡಿದಾಗ ಅವಳಿನ್ನೂ ಮೊಬೈಲನ್ನು ಕಿವಿಗೊತ್ತಿ ಆಲಿಸುತ್ತಿದ್ದಳು, ಆಮೇಲೆ ನಕ್ಕಳು.