ಎದುರು ಪಕ್ಷದ ಅತ್ತೆ

ಕೋರ್ಟಿನಲ್ಲಿ ವಕೀಲಮ್ಮ ಎದುರಿಗಿದ್ದಾರೆ ಎಂದು ಗೊತ್ತಾದರೆ ಎಂಥ ಮಾತುಗಾರ ವಕೀಲರೂ ಒಂದು ಗುಟುಕು ನೀರು ಕುಡಿದೇ ಏಳುತ್ತಿದ್ದರು. ವ್ಯಾಪಾರದ ವ್ಯಾಜ್ಯಗಳಲ್ಲಿ ಆಕೆಯದು ಪಳಗಿದ ಕೈ. ಪಾಲುದಾರರ ಜಗಳ, ಮುರಿದುಬಿದ್ದ ಕರಾರು, ಒಬ್ಬರ ಗುರುತನ್ನು ಇನ್ನೊಬ್ಬರು ಹಾಕಿಕೊಂಡು ಮಾರಿದ ಸರಕು, ಎಲ್ಲ ಸುತ್ತಿ ಬಳಸಿ ಬಂದು ಸೇರುತ್ತಿದ್ದದ್ದು ಆಕೆಯ ಮೇಜಿಗೇ. ಎದುರಿನವರು ಏನು ಹೇಳಲಿದ್ದಾರೆ ಎಂಬುದು ಅವರು ಬಾಯಿ ಬಿಡುವ ಮೊದಲೇ ಆಕೆಗೆ ಗೊತ್ತಿರುತ್ತಿತ್ತು. ಕಿರಿಯ ವಕೀಲರು ಇದನ್ನು ಅನುಭವ ಎನ್ನುತ್ತಿದ್ದರು. ಪಾಪ, ಅವರಿಗೇನು ಗೊತ್ತು. ಅದರ ಗುಟ್ಟು ಮನೆಯಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿರುತ್ತಿತ್ತು. ಗುಟ್ಟು ಎಂದರೆ ಅತ್ತೆ.

ಇದು ಶುರುವಾದದ್ದು ವಕೀಲಮ್ಮ ಹೊಸ ಸೊಸೆಯಾಗಿದ್ದಾಗ. ಒಂದು ಸಂಜೆ ಕನ್ನಡಿಯ ಮುಂದೆ ನಿಂತು ಮರುದಿನದ ವಾದವನ್ನು ಒಪ್ಪಿಸಿಕೊಳ್ಳುತ್ತಿದ್ದಾಗ ಅಡುಗೆಮನೆಯಿಂದ ಒಂದು ದನಿ ಬಂತು: "ಆ ಕಡೆಯವಳು ನಾನಾಗಿದ್ರೆ ಇಷ್ಟಕ್ಕೆಲ್ಲ ಸುಮ್ನಿರ್ತಿರ್ಲಿಲ್ಲ ಕಣೇ." ಸೊಸೆಗೆ ರೇಗಿತು. "ಹಾಗಾದ್ರೆ ಏನಂತಿದ್ರಿ, ಹೇಳಿ ಅತ್ತೆ," ಎಂದಳು. ಅತ್ತೆ ಸೌಟು ಹಿಡಿದೇ ಬಂದು ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಸೊಸೆಯ ವಾದ ಮೂರಾಬಟ್ಟೆಯಾಗಿತ್ತು. ಆ ರಾತ್ರಿ ಆಕೆ ಎಲ್ಲವನ್ನೂ ಹೊಸದಾಗಿ ಬರೆದಳು, ಮರುದಿನ ಗೆದ್ದಳು.

ಅಂದಿನಿಂದ ಪ್ರತಿ ದೊಡ್ಡ ಕೇಸಿನ ಮುಂಚಿನ ಸಂಜೆ ಊಟದ ಮೇಜೇ ಕೋರ್ಟು. ಅತ್ತೆ ಯಾವಾಗಲೂ ಎದುರು ಪಕ್ಷ. ನ್ಯಾಯಾಧೀಶರ ಪೀಠದಲ್ಲಿ ವಕೀಲಮ್ಮನ ಗಂಡ. ಆತ ಹಲ್ಲಿನ ಡಾಕ್ಟರು. ಕ್ಲಿನಿಕ್ಕಿನಲ್ಲಿ ಬೇರೆಯವರ ಬಾಯಿ ತೆರೆಸಿ ತಾನೊಬ್ಬನೇ ಮಾತಾಡುವ ಮನುಷ್ಯ ಮನೆಗೆ ಬಂದರೆ ಈ ಇಬ್ಬರ ನಡುವೆ ಬಾಯಿ ಮುಚ್ಚಿ ಕೂರಬೇಕಾಗಿತ್ತು. ಕೊನೆಯಲ್ಲಿ ಚಮಚದಿಂದ ಮೇಜು ಕುಟ್ಟಿ ತೀರ್ಪು ಹೇಳುವುದಷ್ಟೇ ಅವನ ಪಾಲಿನ ಅಧಿಕಾರ. ಕಕ್ಷಿದಾರರ ಹೆಸರು ಎತ್ತಬಾರದು, ಇವನು ಅವನು ಎಂದಷ್ಟೇ ಹೇಳಬೇಕು ಎಂಬುದು ಆ ಕೋರ್ಟಿನ ನಿಯಮ.

ಗುಬ್ಬಿ ಕುರ್ಚಿಯ ಕೇಸಿನಲ್ಲಿ ಮಾತ್ರ ಆ ನಿಯಮ ಕೆಲಸಕ್ಕೆ ಬರಲಿಲ್ಲ. ಆ ಊರಿನಲ್ಲಿ ಗುಬ್ಬಿ ಕುರ್ಚಿ ಇಲ್ಲದ ಮನೆಯೇ ಅಪರೂಪ. ಬೆನ್ನೊರಗುವ ಹಲಗೆಯ ಹಿಂದೆ ಪುಟ್ಟ ಗುಬ್ಬಿಯ ಅಚ್ಚು ಇದ್ದರೆ ಜನ ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. ಅದನ್ನು ಕಟ್ಟಿ ಬೆಳೆಸಿದವರು ಒಬ್ಬ ಭಾವ, ಒಬ್ಬ ಭಾವಮೈದ. ಭಾವ ಬಡಗಿ, ಕಾರ್ಖಾನೆ ಅವನದು. ಭಾವಮೈದ ಮಾತಿನ ಮಲ್ಲ, ಅಂಗಡಿ ಅವನದು. ಹೊಸ ಬೋರ್ಡಿನಲ್ಲಿ ಯಾರ ಹೆಸರು ಮೇಲೆ ಇರಬೇಕು ಎಂಬ ಘನವಾದ ವಿಷಯಕ್ಕೆ ಇಬ್ಬರೂ ಮುನಿಸಿಕೊಂಡು ಬೇರೆಯಾದರು. ಗುಬ್ಬಿ ಗುರುತು ನೋಂದಣಿಯಾಗಿದ್ದದ್ದು ಭಾವಮೈದನ ಹೆಸರಿನಲ್ಲಿ. ಭಾವ ಅದನ್ನು ಬಳಸದಂತೆ ತಡೆಯಾಜ್ಞೆ ಕೊಡಿ ಎಂದು ಅವನು ಕೋರ್ಟಿಗೆ ಹೋದ. ಭಾವ ವಕೀಲಮ್ಮನ ಬಳಿ ಬಂದ.

ವಕೀಲಮ್ಮ ಅವನ ಕಾರ್ಖಾನೆಗೆ ಹೋಗಿ ನೋಡಿ ಬಂದಿದ್ದರು. ಉಜ್ಜುಗೊರಡಿನ ಸದ್ದು, ಗೋಂದಿನ ವಾಸನೆ, ಮೊಣಕಾಲುದ್ದ ಮರದ ಹೊಟ್ಟು. ಗುಬ್ಬಿಯಿಲ್ಲದ ಕುರ್ಚಿಯನ್ನು ಯಾರೂ ಮೂಸುವುದಿಲ್ಲ, ತಡೆಯಾಜ್ಞೆ ಬಂದ ದಿನವೇ ಬಾಗಿಲಿಗೆ ಬೀಗ ಎಂಬುದು ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಗೊತ್ತಿತ್ತು. ಬಡಗಿ ಹೆಚ್ಚು ಮಾತಾಡಲಿಲ್ಲ. ಗುಬ್ಬಿಯ ಅಚ್ಚನ್ನು ಅಂಗೈಯಲ್ಲಿಟ್ಟು ತೋರಿಸಿ, "ಇದು ನನ್ನ ಉಳೀಲೇ ಹುಟ್ಟಿದ್ದಮ್ಮ," ಎಂದ.

ಅತ್ತೆಯ ಕಿಟಕಿ ಪಕ್ಕದ ಕುರ್ಚಿಯೂ ಗುಬ್ಬಿ ಕುರ್ಚಿಯೇ. ಅದರ ಕಾಲು ಬಿರುಕುಬಿಟ್ಟು ಬಹಳ ದಿನವಾಗಿತ್ತು. ಕೇಸು ಮುಗಿಯುವ ತನಕ ಇಬ್ಬರಲ್ಲಿ ಯಾರ ಹತ್ತಿರವೂ ಅದನ್ನು ಕಳಿಸುವಂತಿಲ್ಲ ಎಂದು ವಕೀಲಮ್ಮ ಕಟ್ಟಪ್ಪಣೆ ಮಾಡಿ ಕಾಲಿಗೆ ಹಗ್ಗ ಬಿಗಿದಿದ್ದರು. ಅತ್ತೆ ಕೂತಾಗಲೆಲ್ಲ ಅದು ಕಿರ್ ಎನ್ನುತ್ತಿತ್ತು, ಅತ್ತೆ ಗೊಣಗುತ್ತಿದ್ದರು.

ವಿಚಾರಣೆಯ ಮುಂಚಿನ ಸಂಜೆ ಊಟದ ಮೇಜಿನ ಕೋರ್ಟು ಸೇರಿತು. ವಕೀಲಮ್ಮ ಸೊಗಸಾಗಿ ವಾದಿಸಿದರು. ಗುಬ್ಬಿಯನ್ನು ಕೆತ್ತಿದವನು ಬಡಗಿ, ಕಚೇರಿಗೆ ಓಡಾಡುವ ಅಭ್ಯಾಸ ಇದ್ದವನು ಭಾವಮೈದ, ಹಾಗಾಗಿ ನೋಂದಣಿಯಲ್ಲಿ ಅವನ ಹೆಸರು ಬಿತ್ತು, ಅಷ್ಟೇ. ಅತ್ತೆ ಪೂರ್ತಿ ಕೇಳಿಸಿಕೊಂಡು, ಮೇಜಿನ ಬಳಿಗೆ ಎಳೆದು ತಂದಿದ್ದ ತಮ್ಮ ಕುರ್ಚಿಯ ಹಗ್ಗ ಬಿಗಿದ ಕಾಲನ್ನು ತಟ್ಟಿದರು.

"ಲಾಯರಮ್ಮಾ, ಜನ ಕುರ್ಚಿ ತಗೊಂಡಿದ್ದು ಗುಬ್ಬಿಯ ಚಂದ ನೋಡೀನಾ? ಮುರಿದ್ರೆ ತಗೊಂಡು ಬನ್ನಿ, ಯಾವತ್ತಾದ್ರೂ ಸರಿ, ರಿಪೇರಿ ಮಾಡ್ಕೊಡ್ತೀವಿ ಅಂತ ಮಾತು ಕೊಟ್ಟೋರು ಯಾರು? ಅಂಗಡಿಯೋನು. ಆ ಮಾತೇ ಗುಬ್ಬಿ. ಈಗ ಹೇಳು."

ಡಾಕ್ಟರ್ ಗಂಡ ಚಮಚ ಕುಟ್ಟಿ ಅಮ್ಮನ ಪರ ತೀರ್ಪು ಕೊಟ್ಟ. ಗೆದ್ದವರು ಕೇಳಿದ್ದನ್ನು ಸೋತವರು ಕೊಡಬೇಕು ಎಂಬುದು ಆ ಕೋರ್ಟಿನ ಇನ್ನೊಂದು ನಿಯಮ. "ನಾಳೆ ನನ್ನ ಕೋರ್ಟಿಗೆ ಕರ್ಕೊಂಡು ಹೋಗು. ಇಷ್ಟು ವರ್ಷ ವಾದ ಮಾಡಿದೀನಿ, ಒಂದು ದಿನ ನಿಜವಾದ ಕೋರ್ಟ್ ನೋಡಿಲ್ಲ," ಎಂದರು ಅತ್ತೆ.

"ಬಾಯಿಗೆ ಬೀಗ ಹಾಕ್ಕೊಂಡು ಕೂರ್ಬೇಕು, ಅತ್ತೆ."

"ಕೂರ್ತೀನಿ ಕಣೇ. ನಾನೇನು ಮಗುವಾ?"

ಮರುದಿನ ಅತ್ತೆ ಒಳ್ಳೆ ಸೀರೆ ಉಟ್ಟು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತರು. ಭಾವಮೈದನ ಪರ ಬಂದಿದ್ದವರು ಗುಡುಗು ವಕೀಲರು. ದನಿ ಹಾಗಿತ್ತು, ಅದಕ್ಕೆ ಆ ಹೆಸರು. ನೋಂದಣಿ, ನೋಂದಣಿ ಎಂದು ಗುಡುಗಿದ್ದೇ ಗುಡುಗಿದ್ದು. ರಿಪೇರಿಯ ಸುದ್ದಿಯೇ ಇಲ್ಲ. ವಕೀಲಮ್ಮನಿಗೆ ಹೋದ ಜೀವ ಬಂದಂತಾಯಿತು. ಎದ್ದು ನಿಂತು ನೋಂದಣಿಯ ಬಣ್ಣವನ್ನು ನಿಧಾನವಾಗಿ ಬಯಲು ಮಾಡಿದರು. ನ್ಯಾಯಾಧೀಶರು ತಲೆಯಾಡಿಸುತ್ತ ಬರೆದುಕೊಳ್ಳುತ್ತಿದ್ದರು. ಬಡಗಿಯ ಮುಖದಲ್ಲಿ ಬೆಳಕು ಮೂಡುತ್ತಿತ್ತು. ಗುಡುಗು ವಕೀಲರು ಉತ್ತರ ಕೊಡಲು ಎದ್ದು, ಮತ್ತೆ ನೋಂದಣಿ ಎಂದರು.

ಹಿಂದಿನ ಬೆಂಚಿಗೆ ಇನ್ನು ತಡೆಯಲಾಗಲಿಲ್ಲ. ತನ್ನ ಪಕ್ಷ ಹೀಗೆ ಕಣ್ಣೆದುರೇ ಸೋಲುವುದನ್ನು ಅತ್ತೆ ಜೀವನದಲ್ಲಿ ಕಂಡಿರಲಿಲ್ಲ.

"ರಿಪೇರಿ ವಿಷ್ಯ ಹೇಳಪ್ಪಾ," ಎಂದರು ಗಟ್ಟಿಯಾಗಿ. "ರಿಪೇರಿ ವಿಷ್ಯ ಬಿಟ್ಟು ಅದೇನು ಆವಾಗಿಂದ."

ನ್ಯಾಯಾಧೀಶರು ತಲೆಯೆತ್ತಿ, "ಯಾರದು?" ಎಂದರು.

ವಕೀಲಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. "ನಮ್ಮತ್ತೆ, ಸ್ವಾಮಿ."

"ಯಾವ ಪಕ್ಷ?"

"ಮನೇಲಿ ಯಾವಾಗ್ಲೂ ಎದುರು ಪಕ್ಷ, ಸ್ವಾಮಿ."

ಕೋರ್ಟಿನ ಗುಮಾಸ್ತರೂ ನಕ್ಕುಬಿಟ್ಟರು. ಇನ್ನೊಂದು ಮಾತಾಡಿದರೆ ಹೊರಗೆ ಕೂರಬೇಕಾಗುತ್ತದೆ ಎಂದು ನ್ಯಾಯಾಧೀಶರು ಅತ್ತೆಗೆ ಎಚ್ಚರಿಕೆ ಕೊಟ್ಟರು. ಆದರೆ ಗುಡುಗು ವಕೀಲರೇನು ದಡ್ಡರೇ? "ಅದನ್ನೇ ಹೇಳೋಕೆ ಬರ್ತಿದ್ದೆ, ಸ್ವಾಮಿ," ಎಂದು ನಾಚಿಕೆಯಿಲ್ಲದೆ ಶುರುಮಾಡಿ, ಅಂಗಡಿಯವನು ಕೊಟ್ಟ ಮಾತು, ಜನರ ನಂಬಿಕೆ, ಎಲ್ಲವನ್ನೂ ಬಿಡಿಸಿಟ್ಟರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಇದು ಯೋಚನೆ ಮಾಡೋ ಮಾತು. ನಿಮ್ಮ ಉತ್ತರ?"

ಆ ಉತ್ತರಕ್ಕಾಗಿ ವಕೀಲಮ್ಮ ರಾತ್ರಿಯೆಲ್ಲ ಪುಸ್ತಕಗಳಲ್ಲಿ ಹುಡುಕಿದ್ದರು, ಬಡಗಿಯನ್ನು ಮಾತ್ರ ಕೇಳಿರಲಿಲ್ಲ. ಬರುವ ಉತ್ತರಕ್ಕೆ ಹೆದರಿ ಪ್ರಶ್ನೆಯನ್ನೇ ನುಂಗುವುದು ಪಳಗಿದ ವಕೀಲರ ಹಳೇ ಚಾಳಿ. ಒಂದು ನಿಮಿಷ ಅವಕಾಶ ಬೇಡಿ ಆಕೆ ಬಡಗಿಯ ಕಡೆ ಬಾಗಿದರು.

"ಮುರಿದ ಕುರ್ಚಿ ರಿಪೇರಿ ಮಾಡ್ತಿದ್ದೋರು ಯಾರು?"

"ಇನ್ಯಾರು, ನಾನೇ. ಜನ ಅಂಗಡೀಗ್ ತಂದ್ ಕೊಡೋರು, ಸಂಜೆ ಅವನು ಹೆಗಲ ಮೇಲೆ ಹೊತ್ಕೊಂಡು ಬರೋನು. ನಾನು ಕಾಲು ಕೂರಿಸೋ ತನಕ ಪಕ್ಕದಲ್ಲೇ ಹರಟೆ ಹೊಡೀತಾ ಕೂತಿರೋನು."

"ನನಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲಮ್ಮ."

ವಕೀಲಮ್ಮ ಇನ್ನೊಂದು ಪ್ರಶ್ನೆಯನ್ನು ಅವನ ಕಿವಿಯಲ್ಲಿ ಕೇಳಿದರು. ಬಡಗಿ ತನ್ನ ಅಂಗೈ ನೋಡಿಕೊಂಡು, ಹೂಂ ಎಂದ. ಆಕೆ ನೆಟ್ಟಗೆ ನಿಂತರು.

"ಸ್ವಾಮಿ, ಗುಬ್ಬಿ ನಮ್ಮೊಬ್ಬರದೇ ಅನ್ನೋ ವಾದವನ್ನ ನಮ್ಮ ಕಕ್ಷಿದಾರರ ಒಪ್ಪಿಗೆ ಮೇಲೆ ಕೈಬಿಡ್ತೀನಿ. ಮಾತು ಕೊಟ್ಟೋರು ಅವರು, ನಿಜ. ಆ ಮಾತು ಉಳಿಸಿದ್ದು ಇವರ ಕೈ. ಇವರನ್ನ ತಡೆದ್ರೆ ಆ ಮಾತು ಉಳಿಸೋಕೆ ಅವರ ಹತ್ತಿರ ಏನಿದೆ, ಒಮ್ಮೆ ಕೇಳಿ."

ಯಾರೂ ಕೇಳುವ ಮೊದಲೇ ಭಾವಮೈದ ಎದ್ದಿದ್ದ. ಗುಡುಗು ವಕೀಲರು ಅವನ ಅಂಗಿ ಎಳೆದರೂ ಕೂರಲಿಲ್ಲ. "ಅಂಗಡಿ ತುಂಬ ಮುರಿದ ಕುರ್ಚಿ ಬಿದ್ದಿದೆ ಸ್ವಾಮಿ. ಬೇರೆ ಬಡಗಿಗಳಿಗೆ ಕೊಟ್ಟೆ, ಕಾಲು ಸರಿಯಾಗಿ ಕೂರ್ತಾ ಇಲ್ಲ. ದಿನಾ ಬಂದೋರಿಗೆ ನಾಳೆ ಬನ್ನಿ ನಾಳೆ ಬನ್ನಿ ಅಂತ ಹೇಳಿ ನನ್ನ ಬಾಯಿ ಬಿದ್ದೋಗಿದೆ."

ಬಡಗಿ ಅವನ ಕಡೆ ತಿರುಗದೆ, ಕಂಬಕ್ಕೆ ಹೇಳುವವನಂತೆ ಹೇಳಿದ: "ತಂದ್ರೆ ಮಾಡಲ್ಲ ಅಂದಿದ್ನಾ ನಾನು?"

"ಯಾವ ಮುಖ ಇಟ್ಕೊಂಡು ತರ್ಲಿ ಭಾವ?"

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. ತಡೆಯಾಜ್ಞೆ ಕೊಡಲಿಲ್ಲ. ಇಬ್ಬರನ್ನೂ ಪಕ್ಕದ ಕೋಣೆಗೆ ಕಳಿಸಿ, ಮಾತಾಡಿಕೊಂಡು ಬನ್ನಿ ಎಂದರು. ಗುಬ್ಬಿ ಇಬ್ಬರದೂ ಎಂದು ಬರೆದುಕೊಂಡು ಅವರು ಹೊರಬಂದಾಗ ಬೋರ್ಡಿನ ವಿಷಯ ಇಬ್ಬರಿಗೂ ಮರೆತೇಹೋಗಿತ್ತು.

ವಾಪಸು ಮನೆ ಹತ್ತಿರ ಬಂದಾಗ ಅತ್ತೆ ಸಣ್ಣ ದನಿಯಲ್ಲಿ, "ನಾಲ್ಕು ಜನರ ಮುಂದೆ ನಿನ್ನ ಮರ್ಯಾದೆ ಕಳೆದೆ. ಇನ್ನು ನಾನು ವಾದಗೀದ ಮಾಡಲ್ಲ ಕಣೇ," ಎಂದರು. ಈ ಮುದುಕಿಯಿಲ್ಲದೆ ತಾನು ಒಂದು ಕೇಸನ್ನೂ ಗೆದ್ದವಳಲ್ಲ ಎಂಬುದು ವಕೀಲಮ್ಮನಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ಈಗ ಹೇಳಿದರು. "ನೀವು ಎದುರಿಗೆ ಕೂರಲ್ಲ ಅಂದ್ರೆ ನಾನು ಕೋರ್ಟಿಗೇ ಹೋಗಲ್ಲ ಅತ್ತೆ. ನೀವು ಕೆಡಿಸಿದ್ದಕ್ಕೇ ಇವತ್ತಿನ ಕೇಸು ಸರಿಹೋಗಿದ್ದು." ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು, "ಆ ಗುಡುಗಿಗೆ ಒಂದು ಮಾತೂ ಸರಿಯಾಗಿ ಬರಲ್ಲ ನೋಡು," ಎಂದರು.

ಆ ವಾರದ ಕೊನೆಗೆ ಭಾವ, ಭಾವಮೈದ ಇಬ್ಬರೂ ಮನೆಗೆ ಬಂದರು. ಕಿಟಕಿ ಪಕ್ಕದ ಕುರ್ಚಿಯನ್ನು ಅಂಗಳಕ್ಕೆ ಹೊತ್ತವನು ಭಾವಮೈದ. ಹಗ್ಗ ಬಿಚ್ಚಿ ಹೊಸ ಕಾಲು ಕೂರಿಸಿದವನು ಭಾವ. ಅದು ಮುಗಿಯುವ ತನಕ ಭಾವಮೈದ ಪಕ್ಕದಲ್ಲೇ ಕೂತು ಹರಟೆ ಹೊಡೆದ. ಆಮೇಲೆ ಕುರ್ಚಿಯನ್ನು ಊಟದ ಮೇಜಿನ ಬಳಿ ಹಾಕಿ ಅತ್ತೆಯನ್ನು ಕೂರಿಸಿದರು. ಡಾಕ್ಟರ್ ಗಂಡ ಚಮಚದಿಂದ ಮೇಜು ಕುಟ್ಟಿ, "ಎದುರು ಪಕ್ಷಕ್ಕೆ ಏನಾದ್ರೂ ಹೇಳೋದಿದೆಯಾ?" ಎಂದ.

ಅತ್ತೆ ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಕುರ್ಚಿ ಕಿರ್ ಎನ್ನಲಿಲ್ಲ.

"ಇಲ್ಲ ಸ್ವಾಮಿ," ಎಂದರು, ಜೀವನದಲ್ಲಿ ಮೊದಲ ಸಲ.