ವನಜಳ ಕಾಲಿನ ಡಾಕ್ಟರು

ಡಾಕ್ಟರ್ ಚನ್ನವೀರಪ್ಪನವರ ಮುಖಕ್ಕಿಂತ ಅವರ ನೆತ್ತಿಯೇ ನನಗೆ ಚೆನ್ನಾಗಿ ನೆನಪಿದೆ. ನಡುವೆ ಅಂಗೈಯಗಲ ಬೋಳು, ಸುತ್ತ ನರೆತ ಕೂದಲು, ಎಡಗಡೆ ಒಂದು ಹಳೆಯ ಗಾಯದ ಗುರುತು. ರೋಗಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ತಾವು ಗಿಡ್ಡನೆಯ ಮರದ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಬಿಳಿ ಟವೆಲ್ ಹಾಸಿ, ರೋಗಿಯ ಕಾಲನ್ನು ಅದರ ಮೇಲೆ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ತಲೆ ಎತ್ತುತ್ತಲೇ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತ ನನಗೆ ಪರದೆಯ ಸಂದಿಯಿಂದ ಕಾಣುತ್ತಿದ್ದದ್ದು ಆ ನೆತ್ತಿ, ಅದರ ಮುಂದೆ ಚಾಚಿದ ನನ್ನ ಹೆಂಡತಿಯ ಕಾಲು. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ತೊಂಬತ್ತರ ದಶಕದ ಮಾತು. ನಾನು ಪೀಣ್ಯದ ಒಂದು ಟೂಲ್ಸ್ ಫ್ಯಾಕ್ಟರಿಯಲ್ಲಿ ಪರ್ಚೇಸ್ ಅಸಿಸ್ಟೆಂಟ್. ವನಜ ಅಲ್ಲೇ ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಚೆಕರ್, ದಿನವಿಡೀ ನಿಂತೇ ಕೆಲಸ. ಅವಳಿಗೆ ಆಗಲೇ ಸಕ್ಕರೆ ಕಾಯಿಲೆ ಶುರುವಾಗಿತ್ತು. ಫ್ಯಾಕ್ಟರಿಯವರು ಕೊಟ್ಟ ಹೊಸ ಶೂ ಉಜ್ಜಿ ಎಡಗಾಲಿನ ಹೆಬ್ಬೆರಳಿನ ಕೆಳಗೆ ಗುಳ್ಳೆ ಎದ್ದಿತು, ಗುಳ್ಳೆ ಗಾಯವಾಯಿತು, ಗಾಯ ಏನು ಮಾಡಿದರೂ ಮಾಯಲಿಲ್ಲ. ನಮ್ಮ ಮನೆ ಓನರ್ ಮುನಿಯಪ್ಪ ಗೇಟಿನ ಹತ್ತಿರ ನಿಲ್ಲಿಸಿ ಹೆದರಿಸಿಬಿಟ್ಟರು: "ಇಂಗೇ ಬಿಟ್ರೆ ನಮ್ಮಣ್ಣಂಗಾದಂಗೆ ಆಯ್ತದೆ ಕಣಪ್ಪ. ಮೊದ್ಲು ಬೆರಳು ಓಯ್ತು, ಆಮೇಲೆ ಪಾದ ಓಯ್ತು. ದಾಸರಹಳ್ಳೀಲಿ ಒಬ್ರು ಕಾಲ್ ಡಾಕ್ಟ್ರು ಅವ್ರೆ, ಬಿರ್ರನೆ ಓಗಿ ತೋರ್ಸು." ವನಜ ಆ ರಾತ್ರಿ ಊಟ ಮಾಡಲಿಲ್ಲ.

ಆದರೆ ನಾನು ಪರ್ಚೇಸಿನವನು. ಮೂರು ಕೊಟೇಶನ್ ಇಲ್ಲದೆ ಒಂದು ಡ್ರಿಲ್ ಬಿಟ್ ಕೂಡ ಕೊಂಡವನಲ್ಲ. ಸಿಟಿಯ ದೊಡ್ಡ ಆಸ್ಪತ್ರೆಗೆ ಹೋಗಿ ವಿಚಾರಿಸಿದೆ. ಅಲ್ಲಿ ಚೀಟಿಗೆ ಬೇರೆ, ಎಕ್ಸ್‌ರೇಗೆ ಬೇರೆ, ಹತ್ತಿಗೂ ಬೇರೆ ದುಡ್ಡು. ಯಶವಂತಪುರದ ನರ್ಸಿಂಗ್ ಹೋಮಿನ ಡಾಕ್ಟರು ಅವಳ ಶೂ ಸಹ ಬಿಚ್ಚಿಸದೆ ಮಾತ್ರೆ ಬರೆದು, ಅಡ್ಮಿಟ್ ಆಗಿ ಅಂದರು. ದಾಸರಹಳ್ಳಿಯವರ ಫೀಸು ಎಲ್ಲರಿಗಿಂತ ಕಡಿಮೆ. ಹೀಗೆ ಆ ಮನುಷ್ಯನನ್ನು ನಮ್ಮ ಸಂಸಾರದೊಳಗೆ ಕರೆತಂದವನು ನಾನೇ, ಬೇರೆ ಯಾರನ್ನೂ ಬೈಯುವಂತಿಲ್ಲ.

ಅವರು ಗದಗದ ಕಡೆಯವರು. ಯಾವುದೋ ಕುಷ್ಠರೋಗದ ಆಸ್ಪತ್ರೆಯಲ್ಲಿ ಬಹಳ ವರ್ಷ ಕಾಲಿನ ಗಾಯಗಳನ್ನೇ ನೋಡಿದ್ದ ಸರ್ಜನ್. ಮೊದಲ ದಿನ ನಾನು ಬಾಗಿಲಲ್ಲೇ ನಿಂತು, "ಡಾಕ್ಟ್ರೇ, ಒಂದ್ಸಲಕ್ಕೆ ಎಷ್ಟಾಗುತ್ತೆ?" ಎಂದು ಕೇಳಿದೆ. ಅವರು ವನಜಳ ಪಾದದಿಂದ ಕಣ್ಣು ತೆಗೆಯದೆ ಹೇಳಿದರು:

"ಒಂದ್ ಸಲಕ್ಕ ಎಷ್ಟು ಅಂತ ಕೇಳಬ್ಯಾಡ್ರಿ ಸರ. ಗಾಯ ಮಾಯೂತನಕ ಎಷ್ಟಕ್ಕೈತಿ ಅಂತ ಕೇಳ್ರಿ. ಪಟ್ಟಿ, ರಕ್ತಪರೀಕ್ಷೆ, ಮೆತ್ತನ್ನ ಚಪ್ಪಲಿ, ಎಲ್ಲಾ ಕೂಡಿಸ್ರಿ. ಕಾಲು ಹೋದಮ್ಯಾಲಿನ ಖರ್ಚು ಯಾವ ಡಾಕ್ಟರೂ ಕೊಟೇಶನ್‌ದಾಗ ಬರಿಯಂಗಿಲ್ಲ. ಇನ್ನೊಂದ್ ಮಾತು. ನನ್ನ ಹತ್ರ ಬರ್ರಿ, ಬಿಡ್ರಿ. ಎಲ್ಲಿಗೆ ಹೋದ್ರೂ ಎರಡೂ ಕಾಲು ನೋಡೋ ಡಾಕ್ಟರ್ ಹತ್ರ ಹೋಗ್ರಿ. ಬರೇ ನೋಯೋ ಕಾಲು ನೋಡಿ ಕಳಸೋವ್ರ ಹತ್ರ ಹೋಗಬ್ಯಾಡ್ರಿ."

ಬಿಡಿ ಬೆಲೆ ನೋಡಬೇಡ, ಒಟ್ಟು ಖರ್ಚು ನೋಡು ಅನ್ನುವುದು ನನ್ನ ಕಸುಬಿನ ಮಾತು. ಅದನ್ನು ನನ್ನ ಹೆಂಡತಿಯ ಎದುರಿಗೆ ಇನ್ನೊಬ್ಬರ ಬಾಯಿಂದ ಕೇಳಬೇಕಾಗಿ ಬಂತು. ವನಜ ನನ್ನ ಕಡೆ ನೋಡಿ ನಕ್ಕಳು ಬೇರೆ. "ನೀವು ಹೊರಗ ಕುಂದರ್ರಿ, ಜಾಗ ಸಣ್ಣದೈತಿ" ಎಂದು ಡಾಕ್ಟರು ನನ್ನನ್ನು ಬೆಂಚಿಗೆ ಕಳಿಸಿದರು.

ಆಮೇಲೆ ಪ್ರತಿ ಗುರುವಾರ ಡ್ರೆಸ್ಸಿಂಗ್. ಗುರುವಾರ ಬಂತೆಂದರೆ ವನಜಳ ಸಡಗರ ನೋಡಬೇಕಿತ್ತು. ಬೆಳಿಗ್ಗೆಯೇ ಕಾಲು ತೊಳೆದು, ಬೆರಳ ಸಂದಿಗಳನ್ನು ಒರೆಸಿ, ಒಳ್ಳೆ ಸೀರೆ ಉಟ್ಟು ಕೆಲಸಕ್ಕೆ ಹೋಗುವಳು. ಸಂಜೆ ಪರದೆಯ ಆಚೆ ಅವಳ ಮಾತು ನಿಲ್ಲುತ್ತಿರಲಿಲ್ಲ. ಫ್ಯಾಕ್ಟರಿಯಲ್ಲಿ ಕೂರಲು ಸ್ಟೂಲ್ ಕೊಡದ ಸೂಪರ್‌ವೈಸರು, ಅವಳು ಚಿಕ್ಕಂದಿನಲ್ಲಿ ಕೆರೆ ಏರಿಯ ಮೇಲೆ ಬರಿಗಾಲಲ್ಲಿ ಓಡುತ್ತಿದ್ದದ್ದು, ಯಾವ ಸುದ್ದಿಯೂ ಬಿಟ್ಟುಹೋಗುತ್ತಿರಲಿಲ್ಲ. ಕೆರೆ ಏರಿಯ ಸುದ್ದಿ ನಾನು ಕೇಳಿಯೇ ಇರಲಿಲ್ಲ. ಮನೆಗೆ ಬಂದರೆ ಎಲ್ಲದಕ್ಕೂ "ಡಾಕ್ಟ್ರು ಹೇಳಿದಾರೆ." ಒಳಗೂ ಚಪ್ಪಲಿ ಹಾಕಬೇಕು, ಡಾಕ್ಟ್ರು ಹೇಳಿದಾರೆ. ಬಿಸಿನೀರನ್ನು ಮೊಣಕೈಯಲ್ಲಿ ಮುಟ್ಟಿ ನೋಡಬೇಕು, ಡಾಕ್ಟ್ರು ಹೇಳಿದಾರೆ. ಅನ್ನ ತಿನ್ನುವಾಗ ನನಗೆ ಕಲ್ಲು ಕಡಿದ ಹಾಗಾಗುತ್ತಿತ್ತು.

ತಡೆಯಲಾಗದೆ ಒಂದು ದಿನ ನನ್ನ ಕಾಲನ್ನೇ ತೋರಿಸಲು ಹೋದೆ. ಹಿಮ್ಮಡಿಯಲ್ಲಿ ಆಣಿ ಇದೆ, ನಡೆದರೆ ಚುಚ್ಚುತ್ತದೆ ಎಂದೆ. ಅಷ್ಟು ಹೊತ್ತು ಅವಳ ಕಾಲಲ್ಲಿ ಏನು ನೋಡುತ್ತಾರೆ ಎಂದು ಎತ್ತರದ ಕುರ್ಚಿಯಲ್ಲೇ ಕೂತು ತಿಳಿಯಬೇಕು ಅನ್ನುವುದು ನನ್ನ ಲೆಕ್ಕಾಚಾರ. ಅವರು ಎರಡೂ ಪಾದ ತಿರುಗಿಸಿ ನೋಡಿ, ಬೆನ್ನು ತಟ್ಟುವ ಹಾಗೆ ಹಿಮ್ಮಡಿ ತಟ್ಟಿ, "ಎತ್ತಿನ ಕಾಲು ಇದ್ದಂಗ ಅದಾವ್ರಿ. ಹೋಗಿ ಬರ್ರಿ" ಅಂದರು. ಫೀಸು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಆ ಪುಕ್ಕಟೆ ನನಗೆ ಎಲ್ಲ ಖರ್ಚಿಗಿಂತ ಭಾರವಾಯಿತು.

ಹೆಬ್ಬೆರಳ ಗಾಯ ಮಾಯುತ್ತ ಬಂದಿತ್ತು. ಅಷ್ಟರಲ್ಲಿ ಒಂದು ಗುರುವಾರ ಡಾಕ್ಟರೇ ನನ್ನನ್ನು ಒಳಗೆ ಕೂಗಿದರು. ವನಜ ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು. ಪಕ್ಕದ ಬೆರಳು ಊದಿ, ಕಾಲುಂಗುರ ಮಾಂಸದೊಳಗೆ ಹೂತಿತ್ತು. ಬಗ್ಗಿಸಿ ಬಿಡಿಸುವಂತಿರಲಿಲ್ಲ, ಕತ್ತರಿಸಲೇಬೇಕಿತ್ತು.

"ಬೇಡ ಡಾಕ್ಟ್ರೇ. ಇವರು ಕಣ್ಣೆದುರಿಗೇ ಇದಾರೆ, ಕಾಲುಂಗುರ ಹೇಗೆ ಬಿಚ್ಲಿ?"

"ಉಂಗುರ ಉಳಿಸಿದ್ರ ಬೆರಳು ಉಳಿಯಂಗಿಲ್ಲ ತಂಗಿ" ಎಂದ ಡಾಕ್ಟರು ನನ್ನ ಕಡೆ ತಿರುಗಿದರು. "ಇದನ್ನ ತೊಡಿಸಿದವ್ರು ಯಾರ್ರಿ?"

ಧಾರೆಯ ದಿನ ಅವಳ ಪಾದವನ್ನು ಕಲ್ಲಿನ ಮೇಲೆ ಇಟ್ಟು ತೊಡಿಸಿದವನು ನಾನೇ. ಹಾಗೆಂದು ಹೇಳಿದೆ.

"ಹಂಗಾರ ನೀವ ತಗೀರಿ" ಎಂದು ಸ್ಟೂಲಿನಿಂದ ಎದ್ದು, ನನ್ನನ್ನು ಅದರ ಮೇಲೆ ಕೂರಿಸಿ, ಪುಟ್ಟ ಕಟರನ್ನು ನನ್ನ ಕೈಗಿಟ್ಟು, ಟವೆಲನ್ನು ನನ್ನ ತೊಡೆಯ ಮೇಲೆ ಹಾಸಿದರು.

ಮದುವೆಯ ದಿನದ ನಂತರ ನಾನು ಆ ಪಾದವನ್ನು ಕೈಯಲ್ಲಿ ಹಿಡಿದದ್ದು ಅವತ್ತೇ. ಹಿಮ್ಮಡಿ ಒರಟಾಗಿತ್ತು, ಬೆರಳು ಬಿಸಿಯಾಗಿತ್ತು. ಕಟರಿನ ತುದಿಯನ್ನು ಉಂಗುರದ ಕೆಳಗೆ ತೂರಿಸಿದೆ. ತುದಿ ಜಾರಿ ಚರ್ಮ ಕಿತ್ತು ರಕ್ತ ಬಂತು. ನನಗೇ ಪ್ರಾಣ ಹೋದಂತಾಗಿ, "ತುಂಬಾ ನೋಯ್ತಾ ವನಜಾ?" ಅಂದೆ.

ಗೋಡೆಯ ಕಡೆ ಮುಖ ಮಾಡಿದ್ದ ಅವಳು ತಿರುಗಿ, "ಯಾಕೆ, ಶುರು ಮಾಡಿದ್ರಾ?" ಎಂದು ಕೇಳಿದಳು.

ಡಾಕ್ಟರು ಹತ್ತಿಯಿಂದ ರಕ್ತ ಒತ್ತುತ್ತ ಸಣ್ಣಗೆ ಹೇಳಿದರು: "ಆ ಪಾದಕ್ಕ ಸ್ಪರ್ಶ ತಿಳಿಯಂಗಿಲ್ರಿ. ಮೊದಲನೇ ದಿನಾನ ಕಣ್ಣು ಮುಚ್ಚಿಸಿ, ನೈಲಾನ್ ಎಳಿ ಮುಟ್ಟಿಸಿ ನೋಡೇನಿ. ನಿಮಗ ಹೇಳಿಲ್ಲೇನು?"

"ಇವರು ಹೆದರ್ಕೊಂಡ್ಬಿಡ್ತಾರೆ ಅಂತ ಹೇಳ್ಲಿಲ್ಲ" ಎಂದಳು ವನಜ.

ಉಂಗುರ ಎರಡು ತುಂಡಾಗಿ ಟವೆಲಿನ ಮೇಲೆ ಬಿತ್ತು. ಜಾಲಹಳ್ಳಿ ಕ್ರಾಸಿನ ಬಸ್‌ಸ್ಟಾಪಿನಲ್ಲಿ ಅದನ್ನು ಜೇಬಿನಲ್ಲಿ ಹಿಡಿದುಕೊಂಡೇ ಕೇಳಿದೆ: "ಹಾಗಾದ್ರೆ ಅವರು ಅಷ್ಟು ಹೊತ್ತು ಕಾಲು ಹಿಡ್ಕೊಂಡಿರ್ತಿದ್ದದ್ದು?"

"ಅದೆಲ್ಲಿ ಗೊತ್ತಾಗ್ಬೇಕು ನಂಗೆ?"

"ಮತ್ತೆ ಗುರುವಾರ ಬಂದ್ರೆ ಅಷ್ಟು ಖುಷಿ?"

"ಅವರು ನೋಡ್ತಾರೆ ಕಣ್ರೀ. ಒಂದು ಬೆರಳೂ ಬಿಡದೆ ನೋಡ್ತಾರೆ. ಹೋದ ವಾರ ಇಲ್ದೇ ಇದ್ದ ಕೆಂಪು ಈ ವಾರ ಇದ್ರೆ, ಯಾಕೆ ತಂಗಿ ಅಂತ ಕೇಳ್ತಾರೆ. ನನ್ನ ಕಾಲು ಇನ್ಯಾರು ನೋಡಿದಾರೆ?"

ನನ್ನ ಹೊಟ್ಟೆಕಿಚ್ಚು ಅಲ್ಲಿಗೆ ಆರಬೇಕಿತ್ತು. ಇನ್ನೂ ಜೋರಾಗಿ ಉರಿಯಿತು. ಔಷಧಿ ಹಚ್ಚುವುದು, ಪಟ್ಟಿ ಕಟ್ಟುವುದು ಅವರ ವಿದ್ಯೆ, ಒಪ್ಪಿದೆ. ನೋಡುವುದಕ್ಕೆ ಯಾವ ವಿದ್ಯೆ ಬೇಕಿತ್ತು? ಅದನ್ನು ಕಾಸು ಖರ್ಚಿಲ್ಲದೆ ಮನೆಯಲ್ಲೇ ಮಾಡಬಹುದಿತ್ತು. ಮಾರನೆಯ ದಿನ ಬಡಗಿಯ ಹತ್ತಿರ ಅಂಥದ್ದೇ ಒಂದು ಗಿಡ್ಡ ಸ್ಟೂಲು ಮಾಡಿಸಿದೆ. ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ಸಂಜೆ ಸಂಜೆ ಅವಳ ಎರಡೂ ಕಾಲು ನೋಡಲು ಕೂತೆ. ಅವಳು ಮೊದಲು ನಾಚಿದಳು, ಆಮೇಲೆ ಬೈದಳು, ಆಮೇಲೆ ಸುಮ್ಮನೆ ಕಾಲು ಚಾಚಿದಳು.

ಬೆರಳು ಉಳಿಯಿತು. ಅದರ ಮುಂದಿನ ವರ್ಷ ಕ್ಲಿನಿಕ್ ಇದ್ದ ಕಟ್ಟಡ ಮಾರಾಟವಾಗಿ ಡಾಕ್ಟರು ಗದಗಕ್ಕೆ ಹೊರಟುನಿಂತರು. ಕೊನೆಯ ಗುರುವಾರ ನನ್ನನ್ನೂ ಒಳಗೆ ಕರೆದು, ವನಜಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಉಗುರುಗಳ ಮೇಲೆ ಹೆಬ್ಬೆರಳು ಆಡಿಸುತ್ತ, "ಇವನ್ನ ಯಾರ್ ಕತ್ತರಿಸ್ಯಾರ ತಂಗಿ?" ಎಂದು ಕೇಳಿದರು.

"ಇವರೇ."

ಆಗ ಆ ನೆತ್ತಿ ಮೇಲೆದ್ದಿತು. ಡಾಕ್ಟರು ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೊಂದೇ ಸಲ. "ನನ್ನ ಕೈಗಿಂತ ಚಲೋ ಆಗ್ಯಾವ್ರಿ" ಅಂದರು. ಆ ದನಿಯಲ್ಲಿ ಒಂಚೂರು ಹೊಟ್ಟೆಕಿಚ್ಚು ಇತ್ತೆಂದು ನಾನು ಇವತ್ತಿಗೂ ನಂಬಿದ್ದೇನೆ. ಅವರನ್ನು ಮತ್ತೆ ನೋಡಲಿಲ್ಲ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂದ ಸಂಜೆ ವನಜ ದೀಪ ಹಚ್ಚಿಟ್ಟು, ಎಂದಿನಂತೆ ಕುರ್ಚಿಯಲ್ಲಿ ಬಂದು ಕೂತಳು.

ಈವರೆಗೆ ಒಂದು ಸಂಜೆಯೂ ತಪ್ಪಿಸಿಲ್ಲ. ನನ್ನ ನೆತ್ತಿಯೂ ಬೋಳಾಗಿದೆ. ನೋಡಿ ಮುಗಿಸಿ ಕಾಲನ್ನು ಕೆಳಗಿಡಲು ಹೋದರೆ ಮೇಲಿನಿಂದ ಅವಳ ದನಿ ಬರುತ್ತದೆ: "ಡಾಕ್ಟ್ರು ಇನ್ನೂ ನಿಧಾನವಾಗಿ ನೋಡ್ತಿದ್ರಪ್ಪ."

ನಾನು ಕನ್ನಡಕ ಒರೆಸಿಕೊಂಡು ಮತ್ತೆ ಎಡಗಾಲಿನಿಂದ ಶುರುಮಾಡುತ್ತೇನೆ.